ಹತ್ತಿಗೆ ಸಮಿತಿ, ಜೋಳಕ್ಕೆ ಪೊಟ್ಟಣ

ಫೋರ್ಟಿನ ಹಾರ್ನಿಮನ್ ವೃತ್ತದ ಉದ್ಯಾನದಲ್ಲಿ ಮಧ್ಯಾಹ್ನದ ಬಿಡುವಿನ ಹೊತ್ತು ಕಳೆಯುವ ನಮ್ಮ ಬ್ಯಾಂಕು, ಕಚೇರಿಗಳ ನೌಕರರಲ್ಲಿ ಎಷ್ಟು ಮಂದಿಗೆ ಆ ನೆಲದ ಪೂರ್ವಕಥೆ ತಿಳಿದಿದೆಯೋ ಹೇಳಲಾರೆವು. ಸೇಂಟ್ ಥಾಮಸ್ ಕೆಥೆಡ್ರಲಿನ ಎದುರಿನ ಈ ಜಾಗ ಒಂದು ಕಾಲಕ್ಕೆ ಹಡಗೇರಲು ಕಾದಿರುವ ಹತ್ತಿಯ ರಾಶಿ ಬೀಳುವ ಬಯಲಾಗಿತ್ತು. 1844ರಲ್ಲಿ ಆ ವ್ಯಾಪಾರ ಕೊಲಾಬಾಕ್ಕೆ ಸರಿಯಿತು. 1920ರ ದಶಕದಲ್ಲಿ ಅಲ್ಲಿಂದ ಶಿವಡಿಗೆ ಹೋಯಿತು. ಹಾರ್ಬರ್ ಮಾರ್ಗದ ಕಾಟನ್ ಗ್ರೀನ್ ನಿಲ್ದಾಣದ ಹೆಸರಿನಲ್ಲಿ ಆ ಬಯಲಿನ ನೆನಪು ಇನ್ನೂ ಉಳಿದಿದೆ. ಮುಂಬಯಿಯ ಈ ಹತ್ತಿ ಪೇಟೆಯಲ್ಲಿ ನಮ್ಮ ಹುಬ್ಬಳ್ಳಿ, ಗದಗ, ಧಾರವಾಡಗಳ ಎರಿ ಹೊಲದ ಜವಾರಿ ಹತ್ತಿಗೆ 'ಕುಮಟಾ ಹತ್ತಿ' ಎಂದು ಹೆಸರು. ಕುಮಟೆಯಲ್ಲಿ ಬೆಳೆಯುವುದು ಭತ್ತ, ಅಡಿಕೆ, ತೆಂಗು. ಹತ್ತಿ ಅಲ್ಲಿ ಬೆಳೆಯಲಿಲ್ಲ, ಘಟ್ಟ ಇಳಿದು ಬಂದು ಹಡಗು ಹತ್ತಿತು, ಅಷ್ಟೇ. ಬೆಳೆದ ಊರಿನ ಹೆಸರು ಅಳಿದು ಸಾಗಿಸಿದ ಬಂದರಿನ ಹೆಸರು ಅಂಟಿಕೊಂಡಿತು. ರೈಲು ಬಂದ ಮೇಲೆ ಬಂದರು ಬಡವಾಯಿತಾದರೂ ಆ ಹೆಸರು ಸರಕಾರದ ಸಂಶೋಧನಾ ಗ್ರಂಥಗಳವರೆಗೆ ಹೋಗಿ ಕುಳಿತಿತು.

ಮುಂಬಯಿ ಇಲಾಖೆಯ ಕಾಲದಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳ ಕುರಿತು ನಮ್ಮ ವೇದಿಕೆಗಳಲ್ಲಿ ಕೇಳಿಬರುವ ಮಾತು ಒಂದೇ: ಮಲತಾಯಿ ಧೋರಣೆ. ಏಕೀಕರಣದ ಹೋರಾಟಕ್ಕೆ ಆ ಮಾತು ಬೇಕಾಗಿತ್ತು; ಅದರಲ್ಲಿ ಸತ್ಯವೂ ಇತ್ತು. ಆದರೆ ಬೇಸಾಯದ ಮಟ್ಟಿಗೆ ಅದು ಅರ್ಧ ಸತ್ಯವೆಂದೇ ನಮ್ಮ ಅಭಿಪ್ರಾಯ. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಮುಂಬಯಿ ಸರಕಾರ ನಮ್ಮ ಹೊಲಗಳನ್ನು ಮರೆತಿರಲಿಲ್ಲ. ಬಹಳ ಎಚ್ಚರದಿಂದಲೇ ನೋಡುತ್ತಿತ್ತು, ಆದರೆ ಅದರ ಕಣ್ಣು ಒಂದೇ ಬೆಳೆಯ ಮೇಲಿತ್ತು. ಉಪೇಕ್ಷೆಗೊಳಗಾದವನ ಕಷ್ಟ ಒಂದು ಬಗೆ. ಇನ್ನೊಬ್ಬರಿಗೆ ಬೇಕಾದ ಭಾಗದಲ್ಲಿ ಮಾತ್ರ ಪೋಷಣೆ ಪಡೆದವನ ಕಷ್ಟ ಮತ್ತೊಂದು ಬಗೆ. ಎರಡನೆಯದನ್ನು ಗುರುತಿಸುವುದು ಕಠಿಣ, ಏಕೆಂದರೆ ಅಲ್ಲಿ ಕೃತಜ್ಞತೆಗೂ ಕಾರಣಗಳಿರುತ್ತವೆ.

ಆಡಳಿತದ ಏರ್ಪಾಡನ್ನು ಮೊದಲು ನೋಡೋಣ. ಕೃಷಿ ನಿರ್ದೇಶಕರ ಕಚೇರಿ, ಕೃಷಿ ಕಾಲೇಜು, ಪ್ರಯೋಗಶಾಲೆಗಳು ಇದ್ದದ್ದು ಪುಣೆಯಲ್ಲಿ. ಹಣದ ಕೀಲಿಕೈ ಇದ್ದದ್ದು ಫೋರ್ಟಿನಲ್ಲಿ, ಇಂದು ಸಿವಿಲ್ ಹಾಗೂ ಸೆಷನ್ಸ್ ನ್ಯಾಯಾಲಯವಿರುವ 1874ರ ಹಳೆಯ ಸಚಿವಾಲಯದಲ್ಲಿ. ಕಂದಾಯ, ಹಣಕಾಸು, ನೀರಾವರಿ ಎಲ್ಲದರ ಅಂತಿಮ ಸಹಿ ಬೀಳುತ್ತಿದ್ದುದು ಅಲ್ಲಿ. 1919ರ ಸುಧಾರಣೆಗಳು ಜಾರಿಗೆ ಬಂದಾಗ ಕೃಷಿ ಮತ್ತು ಸಹಕಾರಗಳನ್ನು ಭಾರತೀಯ ಮಂತ್ರಿಗಳಿಗೆ 'ವರ್ಗಾಯಿತ' ವಿಷಯಗಳೆಂದು ಒಪ್ಪಿಸಲಾಯಿತು. ಭೂಕಂದಾಯ ಮತ್ತು ನೀರಾವರಿಗಳನ್ನು ಗವರ್ನರರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಎಂದರೆ ಬೀಜದ ಬಗ್ಗೆ ಮಾತನಾಡುವ ಅಧಿಕಾರ ಮಂತ್ರಿಗೆ, ಹೊಲದ ತೀರ್ವೆ ಎಷ್ಟೆಂದು ಹೇಳುವ ಅಧಿಕಾರ ಗವರ್ನರಿಗೆ. ರೈತನ ಅಂಗಳದಲ್ಲಿ ಒಂದೇ ಆಗಿದ್ದ ಬದುಕು ಫೋರ್ಟಿನ ಮೆಟ್ಟಿಲು ಹತ್ತುತ್ತಲೇ ಎರಡು ಕೊಠಡಿಗಳಾಗಿ ಒಡೆಯಿತು. ಅದಕ್ಕೂ ಮೊದಲು, 1901ರಲ್ಲಿ, ಭೂಕಂದಾಯ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ ಫಿರೋಜಷಹಾ ಮೆಹತಾ, ಗೋಖಲೆ ಮೊದಲಾದವರು ಶಾಸನಸಭೆಯಿಂದ ಎದ್ದು ಹೊರನಡೆದದ್ದನ್ನು ಇತಿಹಾಸ ಬಲ್ಲವರು ನೆನಪಿಸಿಕೊಳ್ಳುತ್ತಾರೆ. ತಿದ್ದುಪಡಿ ನಿಲ್ಲಲಿಲ್ಲ.

ಇನ್ನು ಹತ್ತಿಯ ಕಥೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ನಮ್ಮ ದೇಶದ ಹಲವೆಡೆ ಅಮೆರಿಕನ್ ಬೀಜ ಬಿತ್ತಿಸಿತು. ಉಳಿದೆಡೆ ಸೋತ ಆ ಪ್ರಯೋಗ ಧಾರವಾಡ ಜಿಲ್ಲೆಯಲ್ಲಿ ಬೇರೂರಿತು. ನಮ್ಮ ಹಿರಿಯರು ಅದನ್ನು 'ವಿಲಾಯತಿ ಹತ್ತಿ' ಎಂದರು. ಶತಮಾನ ಕಳೆಯುವ ಹೊತ್ತಿಗೆ ಆ ವಿಲಾಯತಿ ಹತ್ತಿ ಕುಲಗೆಟ್ಟಿತ್ತು. ಜಿನ್ನಿನಲ್ಲಿ ಎರಡೂ ಜಾತಿಯ ಹತ್ತಿಕಾಳು ಬೆರೆಯುವುದು, ರೈತ ಅದನ್ನೇ ಮರಳಿ ಒಯ್ದು ಬಿತ್ತುವುದು, ಮರುವರ್ಷ ಹೊಲದಲ್ಲಿಯೇ ಬೆರಕೆ ಏಳುವುದು ಹೀಗೆ ಸಾಗಿತ್ತು. ತಪ್ಪು ರೈತನದೆಂದು ವರದಿಗಳು ಬರೆದವು. ಆದರೆ ಅಡತಿ ಅಂಗಡಿಯಲ್ಲಿ ಅಂಡಿಗೆ ತೂಗಿ ಹಣ ಕೊಡುವಾಗ ಎಳೆಯ ಉದ್ದವನ್ನು ಯಾರು ನೋಡುತ್ತಿದ್ದರು? ತೂಕಕ್ಕೆ ಬೆಲೆಯೆಂದಾದಾಗ ತೂಕ ಬರುವ ಹತ್ತಿಯನ್ನೇ ರೈತ ಬೆಳೆಯುತ್ತಾನೆ. ಅದು ಮೋಸವಲ್ಲ, ಲೆಕ್ಕ.

ಕೃಷಿ ಇಲಾಖೆಯಲ್ಲಿ ಈ ಲೆಕ್ಕವನ್ನು ಅರ್ಥಮಾಡಿಕೊಂಡವರೂ ಇದ್ದರೆನ್ನುವುದನ್ನು ಮರೆಯಬಾರದು. ಶತಮಾನದ ಮೊದಲ ದಶಕದಲ್ಲಿ ಧಾರವಾಡದಲ್ಲಿ ಸರಕಾರಿ ಪ್ರಯೋಗಕ್ಷೇತ್ರ ತಲೆಯೆತ್ತಿತು. ಅಲ್ಲಿ ದುಡಿದ ಹತ್ತಿ ತಳಿವಿಜ್ಞಾನಿ ಜಿ. ಎಲ್. ಕೊಟ್ಟೂರರ ಹೆಸರು ಇಂದು ಧಾರವಾಡದಲ್ಲಿಯೂ ಎಷ್ಟು ಮಂದಿಯ ನಾಲಿಗೆಯ ಮೇಲಿದೆಯೋ! ಸಾಧನಕೇರಿಯನ್ನು ನೆನೆಯುವ ನಾವು ಆ ಊರಿನ ಈ ಇನ್ನೊಂದು ಸಾಧನೆಯನ್ನು ನೆನೆಯಲಿಲ್ಲ. ಕುಮಟಾ ಹತ್ತಿಯ ಕುರಿತು ಅವರ ವಿಸ್ತೃತ ಪ್ರಬಂಧ 1920ರಲ್ಲಿ ಸರಕಾರದ ವೈಜ್ಞಾನಿಕ ಮಾಲೆಯಲ್ಲಿ ಪ್ರಕಟವಾಯಿತು. ಜವಾರಿ ಹತ್ತಿಯಿಂದ ಆಯ್ದು ಶುದ್ಧಗೊಳಿಸಿದ 'ಧಾರವಾಡ ನಂ. 1', ವಿಲಾಯತಿಯ ಸುಧಾರಿತ ತಳಿ 'ಗದಗ ನಂ. 1', ಆ ಬಳಿಕ ಸೊರಗು ರೋಗವನ್ನು ತಡೆದು ನಿಲ್ಲುವ 'ಜಯವಂತ' ಇವು ಆ ಪ್ರಯೋಗಕ್ಷೇತ್ರಗಳ ಫಲಗಳು. ಸೊರಗು ಹತ್ತಿದ ನೆಲದಲ್ಲಿಯೇ ಬಿತ್ತಿ, ಸಾಯುವುದನ್ನು ಸಾಯಲು ಬಿಟ್ಟು, ನಿಂತ ಗಿಡದ ಬೀಜವನ್ನು ಹಿಡಿದು, ಮರುವರ್ಷ ಮತ್ತೆ ಅದೇ ಕೆಲಸ. ಒಂದು ಹಂಗಾಮಿಗೆ ಒಂದು ಹೆಜ್ಜೆ. ಇಂಥ ಕೆಲಸಕ್ಕೆ ಪ್ರಯೋಗಶಾಲೆಗಿಂತ ಹೆಚ್ಚಾಗಿ ತಾಳ್ಮೆ ಬೇಕು.

ಬೀಜ ಸಿದ್ಧವಾದರೆ ಸಾಲದು, ಒಳ್ಳೆಯ ಎಳೆಗೆ ಒಳ್ಳೆಯ ಬೆಲೆ ಸಿಗಬೇಕು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಹುಬ್ಬಳ್ಳಿ ಮತ್ತು ಗದಗಿನಲ್ಲಿ ಹುಟ್ಟಿದ ಹತ್ತಿ ಮಾರಾಟದ ಸಹಕಾರ ಸಂಘಗಳ ಮಹತ್ವವಿರುವುದು ಇಲ್ಲಿ. ರೈತರ ಹತ್ತಿಯನ್ನು ಒಟ್ಟುಗೂಡಿಸಿ, ಇಲಾಖೆಯವರಿಂದ ದರ್ಜೆ ಹಾಕಿಸಿ, ಹರಾಜಿನಲ್ಲಿ ಮಾರುವ ಏರ್ಪಾಡು. ಅಡತಿಯವನ ಕೈರುಮಾಲಿನ ಕೆಳಗೆ ಬೆರಳು ಹಿಡಿದು ನಡೆಯುತ್ತಿದ್ದ ಗುಟ್ಟಿನ ವ್ಯಾಪಾರಕ್ಕೆ ಬದಲಾಗಿ ಎಲ್ಲರ ಕಿವಿಗೆ ಬೀಳುವ ಕೂಗು. ಈ ನೆಲ ಸಹಕಾರಕ್ಕೆ ಹೊಸದೇನೂ ಅಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊತ್ತಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘವೆಂದು ದಾಖಲಾಗಿದೆ. ಇಂಥ ಹಳ್ಳಿ ಸಂಘಗಳಿಗೆ ಹಣ ಒದಗಿಸಲೆಂದು 1911ರಲ್ಲಿ ವಿಠಲದಾಸ ಠಾಕರಸಿ ಮತ್ತು ಲಲ್ಲೂಭಾಯಿ ಸಾಮಲದಾಸರ ಮುಂದಾಳುತನದಲ್ಲಿ ಸ್ಥಾಪನೆಯಾದ ಬ್ಯಾಂಕು ಇಂದಿಗೂ ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕೆಂಬ ಹೆಸರಿನಲ್ಲಿ ಫೋರ್ಟಿನಲ್ಲಿಯೇ ಇದೆ. ಹಾಗಾಗಿ ಕೋಟೆಯಿಂದ ಹಳ್ಳಿಗೆ ಬಂದದ್ದೆಲ್ಲ ಆಜ್ಞೆಯೇ ಅಲ್ಲ. ಹಳ್ಳಿ ಹಾಕಿಕೊಟ್ಟ ಮೇಲ್ಪಂಕ್ತಿಯ ಹಿಂದೆ ಕೋಟೆ ನಡೆದದ್ದೂ ಉಂಟು.

1917ರಿಂದ 1919ರವರೆಗೆ ಭಾರತೀಯ ಹತ್ತಿ ಸಮಿತಿ ದೇಶವೆಲ್ಲ ಸುತ್ತಿ ವರದಿ ಕೊಟ್ಟಿತು. ಅದರ ಶಿಫಾರಸಿನಂತೆ 1921ರಲ್ಲಿ ಮುಂಬಯಿಯಲ್ಲಿ ಕೇಂದ್ರ ಹತ್ತಿ ಸಮಿತಿ ಸ್ಥಾಪನೆಯಾಯಿತು. 1923ರ ಕಾಯಿದೆ ಪ್ರತಿ ಬೇಲಿನ ಮೇಲೆ ಮೊದಲು ನಾಲ್ಕಾಣೆ, ಮುಂದೆ ಎರಡಾಣೆಯ ಕರ ಹಾಕಿ ಆ ಸಮಿತಿಗೆ ಸ್ವಂತ ಆದಾಯ ಕೊಟ್ಟಿತು. 1924ರಲ್ಲಿ ಮಾಟುಂಗಾದಲ್ಲಿ ಹತ್ತಿಯ ತಾಂತ್ರಿಕ ಪ್ರಯೋಗಾಲಯ ಬಂದಿತು. ನಮ್ಮ ಓದುಗರಲ್ಲಿ ಎಷ್ಟೋ ಮಂದಿ ನಾಟಕ, ಯಕ್ಷಗಾನ, ಉಪನ್ಯಾಸಗಳಿಗೆಂದು ಮಾಟುಂಗಾಕ್ಕೆ ಹೋಗುವಾಗ ಅಡೆನ್‌ವಾಲಾ ರಸ್ತೆಯಲ್ಲಿ ನೋಡುವ ಹತ್ತಿ ಸಂಶೋಧನಾ ಸಂಸ್ಥೆ ಅದೇ. ಧಾರವಾಡದಲ್ಲಿ ವರ್ಷಗಟ್ಟಲೆ ಆಯ್ದ ತಳಿಯ ಮಾದರಿ ಮಾಟುಂಗಾಕ್ಕೆ ಬರುತ್ತಿತ್ತು. ಇಲ್ಲಿ ನೂತು, ನೂಲಿನ ನಂಬರು ಮತ್ತು ಬಲ ಅಳೆದು, ಗಿರಣಿಗೆ ಯೋಗ್ಯವೋ ಅಲ್ಲವೋ ಎಂದು ತೀರ್ಮಾನವಾಗುತ್ತಿತ್ತು. ವೈಜ್ಞಾನಿಕವಾಗಿ ಅದು ಉತ್ತಮ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೈತನ ಹೆಂಡತಿ ಒಲೆಗೆ ಹಾಕುವ ಹತ್ತಿಕಟ್ಟಿಗೆ ಎಷ್ಟು, ಎಮ್ಮೆಗೆ ಹಾಕುವ ಹತ್ತಿಕಾಳು ಎಷ್ಟು, ಮಳೆ ಕೈಕೊಟ್ಟ ವರ್ಷ ಗಿಡ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ಮಾಟುಂಗಾದ ಯಾವ ಯಂತ್ರವೂ ಅಳೆಯಲಾರದು. ಗಿರಣಿಯ ಕದರು ಕೇಳಿದ ಪ್ರಶ್ನೆಗೆ ಹೊಲ ಉತ್ತರ ಕೊಡಬೇಕಾಯಿತು.

ಹೀಗೆ ಹತ್ತಿಗೆ ಸಮಿತಿ, ಕರ, ಪ್ರಯೋಗಾಲಯ, 1927ರಲ್ಲಿ ಪ್ರತ್ಯೇಕ ಮಾರುಕಟ್ಟೆ ಕಾಯಿದೆ ಎಲ್ಲವೂ ದೊರೆತವು. ಜೋಳಕ್ಕೆ ಏನು ದೊರೆಯಿತು?

ಜೋಳ ಹಡಗು ಹತ್ತುವುದಿಲ್ಲ. ಅದು ರೊಟ್ಟಿಯಾಗುತ್ತದೆ, ಕಣಿಕೆ ಎತ್ತಿನ ಬಾಯಿಗೆ ಹೋಗುತ್ತದೆ. ಬೇಲು ಕಟ್ಟದ ಬೆಳೆಯ ಮೇಲೆ ಬೇಲಿಗಿಷ್ಟೆಂದು ಕರ ಹಾಕಲಾಗದು; ಕರವಿಲ್ಲದಲ್ಲಿ ಸಮಿತಿಯಿಲ್ಲ; ಸಮಿತಿಯಿಲ್ಲದಲ್ಲಿ ಪ್ರಯೋಗಾಲಯವಿಲ್ಲ. ಇದು ಯಾರೋ ಒಬ್ಬ ಅಧಿಕಾರಿಯ ದುರುದ್ದೇಶವಲ್ಲ, ವ್ಯವಸ್ಥೆಯ ಸ್ವಭಾವ. ಹತ್ತಿಯ ಬಳಿಕ ದೇಶದಲ್ಲಿ ಅರಗು, ಸೆಣಬು, ಕಬ್ಬು, ತೆಂಗು, ಹೊಗೆಸೊಪ್ಪು, ಎಣ್ಣೆಕಾಳು, ಕೊನೆಗೆ 1949ರಲ್ಲಿ ಅಡಿಕೆ ಹೀಗೆ ಒಂದೊಂದಕ್ಕೂ ಕೇಂದ್ರ ಸಮಿತಿಗಳು ಬಂದವು. ಪಟ್ಟಿಯನ್ನು ಎರಡು ಸಲ ಓದಿ ನೋಡಬೇಕು: ಜೋಳ, ರಾಗಿ, ಸಜ್ಜೆ, ನವಣೆಗಳ ಸುಳಿವು ಅದರಲ್ಲಿಲ್ಲ.

ಆದರೂ ಜೋಳದ ಹೊಲಕ್ಕೆ ಯಾರೂ ಬರಲೇ ಇಲ್ಲವೆಂದರೆ ತಪ್ಪಾದೀತು. ತೆನೆಯ ಕಾಳೆಲ್ಲ ಕಪ್ಪು ಪುಡಿಯಾಗುವ ಕಾಡಿಗೆ ರೋಗ ಉತ್ತರ ಕರ್ನಾಟಕದ ರೈತನ ಹಳೆಯ ಶತ್ರು. ಮುಂಬಯಿ ಕೃಷಿ ಇಲಾಖೆಯ ಶಿಲೀಂಧ್ರ ತಜ್ಞ ಜಿ. ಎಸ್. ಕುಲಕರ್ಣಿಯವರು ಅದಕ್ಕೆ ಕಂಡುಕೊಂಡ ಉಪಾಯ ಅತಿ ಸರಳ: ಬಿತ್ತುವ ಮುನ್ನ ಬೀಜಕ್ಕೆ ಔಷಧ. ಮೊದಲು ಮೈಲುತುತ್ತದ ನೀರಿನಲ್ಲಿ ಅದ್ದುವುದು. ಅನಂತರ ಇನ್ನೂ ಸುಲಭವಾದ ಒಣ ಗಂಧಕದ ಪುಡಿ ಬೆರೆಸುವುದು. ಪೊಟ್ಟಣಗಳು ಹಳ್ಳಿಗಳಿಗೆ ಹೋದವು. ಅಲ್ಪ ವೆಚ್ಚದಲ್ಲಿ ಅನ್ನ ಉಳಿಸಿದ ಇಂಥ ಕೆಲಸ ಕೃಷಿ ಸಂಶೋಧನೆಯ ಚರಿತ್ರೆಯಲ್ಲಿ ವಿರಳ. ಜೋಳದ ಪಾಲಿಗೆ ಬಂದದ್ದು ಆ ಪೊಟ್ಟಣ. ಪೊಟ್ಟಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹತ್ತಿಗೆ ಸಿಕ್ಕ ವೈಭವದ ಪಕ್ಕದಲ್ಲಿ ಅದನ್ನಿಟ್ಟು ನೋಡುತ್ತಿದ್ದೇವೆ, ಅಷ್ಟೇ.

ಬಿಜಾಪುರದ ಸಂಗತಿಯಂತೂ ಮನಸ್ಸನ್ನು ಕಲಕುವಂಥದು. 1876ರಿಂದ 78ರ ಡೋಗಿ ಬರ, 1896-97, 1899-1900 ಎಂದು ಕಾಲು ಶತಮಾನದಲ್ಲಿ ಮೂರು ಮಹಾಕ್ಷಾಮಗಳನ್ನು ಉಂಡ ಪ್ರದೇಶವದು. ಮಳೆಯಾಶ್ರಿತ ಎರಿ ಹೊಲದಲ್ಲಿ ಬಿದ್ದಷ್ಟು ನೀರನ್ನು ಒಡ್ಡು ಕಟ್ಟಿ, ಮಾಗಿ ಉಳುಮೆ ಮಾಡಿ, ಅಂತರ ಬಿಟ್ಟು ಬಿತ್ತಿ ಹೇಗೆ ಹಿಡಿಯಬೇಕೆಂದು ವ್ಯವಸ್ಥಿತವಾಗಿ ಪರೀಕ್ಷಿಸುವ ಒಣಬೇಸಾಯ ಸಂಶೋಧನಾ ಕೇಂದ್ರಗಳು ಸೊಲ್ಲಾಪುರ ಮತ್ತು ಬಿಜಾಪುರಗಳಿಗೆ ಬಂದದ್ದು 1933ರ ಸುಮಾರಿಗೆ. ಅದೂ 1926ರಲ್ಲಿ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ ಕುಳಿತು, 1928ರಲ್ಲಿ ವರದಿ ಕೊಟ್ಟು, 1929ರಲ್ಲಿ ಕೇಂದ್ರದ ಕೃಷಿ ಸಂಶೋಧನಾ ಮಂಡಳಿ ಹುಟ್ಟಿ, ಅದರ ಹಣ ಬಂದ ಮೇಲೆ. ಹತ್ತಿಯ ಪ್ರಯೋಗಕ್ಷೇತ್ರಕ್ಕೂ ಬರದ ಪ್ರಯೋಗಕ್ಷೇತ್ರಕ್ಕೂ ನಡುವೆ ಸುಮಾರು ಮೂರು ದಶಕಗಳ ಅಂತರ. ಆ ಅಂತರದಲ್ಲಿ ಗುಳೆ ಎದ್ದವರ ವಂಶದವರು ಇಂದು ಇದೇ ಮುಂಬಯಿಯ ಕಟ್ಟಡ ಕೆಲಸಗಳಲ್ಲಿ, ಉಪನಗರಗಳ ಝೋಪಡಪಟ್ಟಿಗಳಲ್ಲಿ ಇದ್ದಾರೆ. ನಮ್ಮ ಸಂಘಗಳ ಸದಸ್ಯತ್ವದ ಪುಸ್ತಕಗಳಲ್ಲಿ ಅವರ ಹೆಸರುಗಳು ಹೆಚ್ಚಾಗಿ ಕಾಣಸಿಗುವುದಿಲ್ಲವೆನ್ನುವುದು ಬೇರೆಯೇ ಒಂದು ಸಂಪಾದಕೀಯದ ವಿಷಯ.

ಸೊಲ್ಲಾಪುರದ ಬಳಿಯ ಮೋಹೋಳದಲ್ಲಿ 1937ರಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆಯ್ದು ತೆಗೆದ 'ಎಂ 35-1' ಎಂಬ ತಳಿಯನ್ನು ವಿಜಯಪುರ ಜಿಲ್ಲೆಯ ರೈತರು ಹಿಂಗಾರಿಯಲ್ಲಿ ಇಂದಿಗೂ ಬಿತ್ತುತ್ತಾರೆ. ಅನಂತರ ಬಂದ ಎಷ್ಟೋ ತಳಿಗಳು ಮಾಯವಾದವು, ಇದು ಉಳಿಯಿತು. ಏಕೆಂದರೆ ಇದರ ರೊಟ್ಟಿ ರುಚಿ, ಕಣಿಕೆ ಎತ್ತಿಗೆ ಹಿತ. ರೈತನ ಮನೆಯ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ತಳಿಯ ಆಯುಷ್ಯ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜಮೀನಿನ ನೀತಿಯ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿ 1907ರಲ್ಲಿ ಬಂದು ಮುಂದೆ ನಿರ್ದೇಶಕರಾದ ಹೆರಾಲ್ಡ್ ಮ್ಯಾನ್ 1917ರಲ್ಲಿ ಪ್ರಕಟಿಸಿದ ಪಿಂಪ್ಳೆ ಸೌದಾಗರ ಗ್ರಾಮದ ಅಧ್ಯಯನದಲ್ಲಿ, 1771ರಲ್ಲಿ ಸರಾಸರಿ 40 ಎಕರೆಯಷ್ಟಿದ್ದ ಹಿಡುವಳಿ ತಮ್ಮ ಕಾಲಕ್ಕೆ 7 ಎಕರೆಗೆ ಇಳಿದದ್ದನ್ನು ತೋರಿಸಿದರು. ಇಲಾಖೆಯ ಕಾಯಿಲೆ ತಜ್ಞರೆಲ್ಲ ಗಿಡವನ್ನು ಪರೀಕ್ಷಿಸುತ್ತಿದ್ದಾಗ ಈ ಮನುಷ್ಯ ಸಾಲವನ್ನೂ ಹೊಟ್ಟೆಯನ್ನೂ ಎಣಿಸಿದ. ತುಂಡು ಹಿಡುವಳಿಗಳನ್ನು ಒಗ್ಗೂಡಿಸಲು 1927ರಲ್ಲಿ ಮಂಡಿಸಿದ ಮಸೂದೆ ಸಣ್ಣ ರೈತರು ನೆಲ ಕಳೆದುಕೊಂಡಾರೆಂಬ ಭೀತಿಯಿಂದ ತೀವ್ರ ವಿರೋಧ ಎದುರಿಸಿ ಬಿದ್ದುಹೋಯಿತು. ಮತ್ತೆ ಕಾಯಿದೆಯಾಗಿ ಬಂದದ್ದು 1947ರಲ್ಲಿ. ಪಿಂಪ್ಳೆ ಸೌದಾಗರ ಇಂದು ಪಿಂಪ್ರಿ-ಚಿಂಚವಾಡದ ಬಹುಮಹಡಿ ಬಡಾವಣೆ. ಅಲ್ಲಿನ ಫ್ಲ್ಯಾಟುಗಳಲ್ಲಿ ನಮ್ಮವರೂ ಇದ್ದಾರೆ.

ಈ ಪತ್ರಿಕೆಯ ಓದುಗರಲ್ಲಿ ಬಹುಸಂಖ್ಯಾತರಾದ ಕರಾವಳಿಯವರು, 'ಇದು ಧಾರವಾಡದವರ ಕಥೆ, ನಮಗೇನು?' ಎಂದು ಕೇಳಬಹುದು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಆ ಕಡೆಯ ಕೀಲಿಕೈ ಇನ್ನೊಂದು ಕೋಟೆಯಲ್ಲಿ, ಸೇಂಟ್ ಜಾರ್ಜ್ ಕೋಟೆಯಲ್ಲಿ ಇತ್ತು. ಕಾಸರಗೋಡಿನಲ್ಲಿ 1916ರಲ್ಲಿ ಮದರಾಸು ಸರಕಾರ ತೆರೆದ ತೆಂಗಿನ ಸಂಶೋಧನಾ ಕೇಂದ್ರ ಬೆಳೆದು ಇಂದು ರಾಷ್ಟ್ರಮಟ್ಟದ ತೋಟದ ಬೆಳೆಗಳ ಸಂಸ್ಥೆಯಾಗಿದೆ. ಅಲ್ಲಿಯೂ ಪ್ರಶ್ನೆ ಅದೇ: ಕೊಬ್ಬರಿ ಪೇಟೆಗೆ ಬೇಕು, ಆದ್ದರಿಂದ ತೆಂಗಿಗೆ ಕೇಂದ್ರ. ಮೈಸೂರು ಸಂಸ್ಥಾನದ ಹಾದಿ ತುಸು ಬೇರೆ. 1908ರಲ್ಲಿ ಕೆನಡಾದಿಂದ ಬಂದು 1913ರಿಂದ 1934ರವರೆಗೆ ಅಲ್ಲಿನ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಮೂಲವನ್ನು ಗುರುತಿಸಿ ಬೋರ್ಡೋ ಮಿಶ್ರಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದರು. ಅದೇ ಇಲಾಖೆಯಲ್ಲಿ ರಾಗಿಯ ತಳಿಗಳ ಮೇಲೂ ಕೆಲಸ ನಡೆಯಿತು. ಸಂಸ್ಥಾನವೂ ವರಮಾನ ನೋಡುತ್ತಿತ್ತೆಂಬುದು ನಿಜ. ಆದರೂ ನಿರ್ಧಾರ ಮಾಡುವ ಊರು ಹೊಲದ ನುಡಿಯನ್ನೇ ಆಡುತ್ತಿದ್ದರೆ ಪ್ರಶ್ನೆಗಳು ಬದಲಾಗುತ್ತವೆಂಬುದಕ್ಕೆ ಮೈಸೂರಿನ ರಾಗಿ ಒಂದು ನಿದರ್ಶನ. ನಾಲ್ಕು ಜಿಲ್ಲೆಗಳ ಕನ್ನಡ ಹುಡುಗ ಕೃಷಿ ಪದವಿ ಓದಬೇಕೆಂದರೆ ಪುಣೆಗೆ ಹೋಗಬೇಕಾಗಿತ್ತು. ಧಾರವಾಡಕ್ಕೆ ಕೃಷಿ ಕಾಲೇಜು ಬಂದದ್ದು 1947ರಲ್ಲಿ, ಕೃಷಿ ವಿಶ್ವವಿದ್ಯಾಲಯ 1986ರಲ್ಲಿ.

ಇವೆಲ್ಲ ಹಳೆಯ ಕಥೆಗಳೆಂದು ತಳ್ಳಿಹಾಕುವಂತಿಲ್ಲ. ಕೊಟ್ಟೂರರು ದುಡಿದ ಧಾರವಾಡದಲ್ಲಿಯೇ 1972ರಲ್ಲಿ ಡಾ. ಬಿ. ಎಚ್. ಕಟರಕಿಯವರ 'ವರಲಕ್ಷ್ಮಿ' ಎಂಬ ಸಂಕರ ಹತ್ತಿ ಹುಟ್ಟಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಬಳಿಕ ಬೀಜ ಸರಕಾರಿ ಪ್ರಯೋಗಕ್ಷೇತ್ರವನ್ನು ಬಿಟ್ಟು ಕಂಪನಿಗಳ ಪೊಟ್ಟಣ ಸೇರಿತು. ಜಯವಂತನ ವಂಶದ ಜವಾರಿ ಹತ್ತಿ ಮೂಲೆಗೆ ಸರಿಯಿತು. ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಬಿಟಿಯನ್ನೂ ಜೀರ್ಣಿಸಿಕೊಂಡಿತು. ಅತ್ತ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಲಾಯಿತು, ಜೋಳದ ರೊಟ್ಟಿ ತಾರಾ ಹೋಟೆಲಿನ ಮೇಜೇರಿತು. ಜೋಳಕ್ಕೆ ಮರ್ಯಾದೆ ಬಂದದ್ದು ಸಂತೋಷವೇ. ಆ ಮರ್ಯಾದೆ ಹಿಂಗಾರಿ ಹೊಲದವರೆಗೆ ತಲುಪಿದೆಯೇ ಎಂದು ಕೇಳುವವರು ಬೇಕು, ಕೇಳಲು ಹಿಂದಿನ ಲೆಕ್ಕ ಕೈಯಲ್ಲಿರಬೇಕು.

ಆ ಲೆಕ್ಕದ ದೊಡ್ಡ ಭಾಗ ಇರುವುದು ಬೆಂಗಳೂರಿನಲ್ಲಿ ಅಲ್ಲ, ಇಲ್ಲಿಯೇ, ಫೋರ್ಟಿನಲ್ಲಿ. 1956ರ ನವೆಂಬರ್ 1ರಂದು ನಾಲ್ಕು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಸಚಿವಾಲಯದ ಹಳೆಯ ಕಡತಗಳು ಮುಂಬಯಿಯಲ್ಲಿ ಉಳಿದವು. ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ದೀರ್ಘಕಾಲದಿಂದ ಇರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಕಂದಾಯ ಖಾತೆಯ ಸಂಪುಟಗಳಿವೆ; ಟೌನ್ ಹಾಲಿನ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಆ ಕಾಲದ ಸರಕಾರಿ ಪ್ರಕಟಣೆಗಳಿವೆ. ಧಾರವಾಡದ ಸಂಶೋಧಕನೊಬ್ಬ ಇವನ್ನು ನೋಡಲು ರಜೆ ಹಾಕಿ, ರೈಲು ಹತ್ತಿ, ವಸತಿ ಹುಡುಕಿ ಬರಬೇಕು. ನಾವಾದರೋ ದಿನಾಲು ಚರ್ಚ್‌ಗೇಟಿನಲ್ಲೋ ಸಿ.ಎಸ್.ಎಂ.ಟಿ.ಯಲ್ಲೋ ಇಳಿದು ಅವುಗಳ ಬಾಗಿಲ ಮುಂದೆಯೇ ಹಾದುಹೋಗುತ್ತೇವೆ. ಹೊರನಾಡ ಕನ್ನಡಿಗರು ನಾಡಿಗೆ ಏನು ಕೊಡಬಲ್ಲರೆಂಬ ಪ್ರಶ್ನೆಗೆ ನಾವು ಈವರೆಗೆ ಸಮ್ಮೇಳನಗಳಿಂದಲೂ ಸನ್ಮಾನಗಳಿಂದಲೂ ಉತ್ತರಿಸಿದ್ದೇವೆ. ಅದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಬಾಳಿಕೆಯ ಕೆಲಸವೊಂದು ಅರ್ಧ ಮೈಲಿಯೊಳಗೆ ಕಾದಿದೆ.

ನಮ್ಮ ಸಲಹೆ ಇಷ್ಟು. ನಿವೃತ್ತರಾದ ಬ್ಯಾಂಕು ಮತ್ತು ಸರಕಾರಿ ನೌಕರರು, ಹಳೆಯ ಕೈಬರಹದ ಇಂಗ್ಲಿಷ್ ಓದಬಲ್ಲವರು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ಗುಂಪಾಗಲಿ. 1900ರಿಂದ 1940ರವರೆಗಿನ ನಮ್ಮ ನಾಲ್ಕು ಜಿಲ್ಲೆಗಳ ಕೃಷಿ, ಕಂದಾಯ, ಸಹಕಾರಗಳ ಕಡತಗಳಿಗೆ ಮೊದಲು ಒಂದು ಕನ್ನಡ ಸೂಚಿ ತಯಾರಾಗಲಿ: ಊರು, ವಿಷಯ, ವರ್ಷ, ಸಂಪುಟದ ಸಂಖ್ಯೆ, ಇಷ್ಟೇ. ಅದರ ಪ್ರತಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಕರ್ನಾಟಕದ ಪತ್ರಾಗಾರಕ್ಕೂ ಹೋಗಲಿ. ಅನುವಾದ, ಲೇಖನಗಳು ಮುಂದಿನ ಮಾತು. ಓದುಗರ ಊರ ಮನೆಗಳ ಅಟ್ಟದಲ್ಲಿ ಆ ಕಾಲದ ಕೃಷಿ ಇಲಾಖೆಯ ಕನ್ನಡ ಕರಪತ್ರಗಳು, ಹತ್ತಿ ಸಂಘಗಳ ಪಾವತಿಗಳು, ತೀರ್ವೆಯ ರಸೀತಿಗಳು ಇದ್ದರೆ ದಯವಿಟ್ಟು ಎಸೆಯದೆ, ನೆರಳು ಪ್ರತಿಯನ್ನಾದರೂ ಕಳಿಸಿಕೊಡಬೇಕು. ಈ ಕೆಲಸಕ್ಕೆ ತಿಂಗಳಿಗೆ ಎರಡು ದಿನ ಕೊಡಬಲ್ಲವರು ಮುಂದಿನ ಸಂಚಿಕೆಯ ಒಳಗಾಗಿ ಸಂಘದ ಕಚೇರಿಗೆ ಬರೆಯಲಿ. ಮೋಡಿ ಲಿಪಿ ಓದಬಲ್ಲವರಿದ್ದರೆ ಅದನ್ನೂ ಪತ್ರದಲ್ಲಿ ನಮೂದಿಸಲಿ. ಅಂಥವರ ಅಗತ್ಯ ನಮಗೆ ಬೀಳಲಿದೆ.